ಸೀಲಿಂಗ್ ದೀಪ ಬದಲಿಸಲು ಸ್ವಿಚ್ ಆಫ್ ಮಾಡಿದರೆ ಸಾಕೇ?

ಪ್ರಶ್ನೆ: ನಮ್ಮ ಹಾಲಿನ ನಡುವೆ ಇರುವ ಹಳೆಯ ಗಾಜಿನ ದೀಪವನ್ನು ತೆಗೆದು, ಸುಮಾರು 4 ಕಿಲೋ ತೂಕದ, ಲೋಹದ ಚೌಕಟ್ಟಿನ ಎಲ್‌ಇಡಿ ದೀಪವನ್ನು ನಾನೇ ಕೂರಿಸಬೇಕೆಂದಿದ್ದೇನೆ. ಗೋಡೆಯ ಸ್ವಿಚ್ ಆಫ್ ಮಾಡಿ ಹಳೆಯ ದೀಪದ ಮುಚ್ಚಳ ಸರಿಸಿ ನೋಡಿದಾಗ ಎರಡು ಕೆಂಪು, ಎರಡು ಕಪ್ಪು ವೈರ್‌ಗಳು ಕಂಡವು. ಹಸಿರು ವೈರೊಂದು ಎಲ್ಲಿಗೂ ಸೇರದೆ ಮಡಚಿಕೊಂಡಿತ್ತು. ಹೊಸ ದೀಪದಲ್ಲಿ ಮೂರೇ ಜಾಗಗಳಿವೆ. ಕೆಂಪನ್ನೆಲ್ಲ ಒಂದಕ್ಕೆ, ಕಪ್ಪನ್ನೆಲ್ಲ ಇನ್ನೊಂದಕ್ಕೆ ಸೇರಿಸಿ, ಹಸಿರನ್ನು ಹಾಗೆಯೇ ಬಿಟ್ಟರೆ ನಡೆಯುತ್ತದೆಯೇ? ಇನ್ನೊಂದು ವಿಷಯ: ಸ್ವಿಚ್ ಆಫ್ ಮಾಡಿದ ಮೇಲೂ ಈಗಿನ ಎಲ್‌ಇಡಿ ಬಲ್ಬ್ ರಾತ್ರಿ ಹೊತ್ತು ಮಸುಕಾಗಿ ಬೆಳಗುತ್ತಿರುತ್ತದೆ. ಇದು ಏಕೆ?

ಉತ್ತರ: ಮುಚ್ಚಳ ಸರಿಸಿ, ವೈರ್‌ಗಳನ್ನು ಎಣಿಸಿ, ಕೈ ಹಾಕುವ ಮೊದಲು ಕೇಳಿದ್ದೀರಿ, ಇದು ನನಗೆ ಬಹಳ ಸಮಾಧಾನ ತಂದಿದೆ. ನೀವು ಹೇಳಿದ ರೀತಿಯಲ್ಲಿ ಸೇರಿಸಬೇಡಿ. ಹಾಗೆ ಸೇರಿಸಿದರೆ ದೀಪ ಸದಾ ಉರಿಯುತ್ತಲೇ ಇರುತ್ತದೆ, ಸ್ವಿಚ್ ಒತ್ತಿದ ಕ್ಷಣವೇ ಶಾರ್ಟ್ ಸರ್ಕ್ಯೂಟ್ ಆಗಿ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತದೆ. ಏಕೆಂಬುದನ್ನು ಮುಂದೆ ವಿವರಿಸುತ್ತೇನೆ. ಅದಕ್ಕಿಂತ ಮೊದಲು, ಸ್ವಿಚ್ ಆಫ್ ಮಾಡಿ ಮುಚ್ಚಳ ಸರಿಸಿದಾಗ ನಿಮ್ಮ ಬೆರಳಿನಿಂದ ಒಂದೆರಡು ಅಂಗುಲ ದೂರದಲ್ಲಿ ಪೂರ್ಣ ವೋಲ್ಟೇಜ್ ಇತ್ತೆಂಬುದು ಹೆಚ್ಚುಕಡಿಮೆ ಖಚಿತ ಎಂದು ಹೇಳಬೇಕಾಗಿದೆ.

ಗೋಡೆಯ ಸ್ವಿಚ್ ಆಫ್ ಆದಾಗ ದೀಪ ಆರುತ್ತದೆ. ಅದರಿಂದ ನಮಗೆ ತಿಳಿಯುವುದು ದೀಪದ ಮೂಲಕ ಹರಿಯುತ್ತಿದ್ದ ಕರೆಂಟ್ ನಿಂತಿದೆ ಎಂಬುದಷ್ಟೇ. ಆ ಜಾಗದ ವೈರ್‌ಗಳಲ್ಲಿ ವಿದ್ಯುತ್ ಇಲ್ಲ ಎಂದು ಅದರಿಂದ ತೀರ್ಮಾನಿಸಲಾಗದು. ಸ್ವಿಚ್ ಫೇಸ್ ವೈರನ್ನು, ಅಂದರೆ ಕರೆಂಟ್ ತರುವ ವೈರನ್ನು, ಕಡಿಯಬೇಕು ಎಂಬುದು ನಿಯಮ, ಆದರೆ ಕರೆಂಟ್ ಹಿಂತಿರುಗುವ ನ್ಯೂಟ್ರಲ್ ವೈರಿನಲ್ಲಿ ಸ್ವಿಚ್ ಹಾಕಿದ ಮನೆಗಳನ್ನು ನಾನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ. ಅಂಥ ಮನೆಯಲ್ಲಿ ದೀಪ ಆರಿರುವಾಗಲೂ ಹೋಲ್ಡರಿನ ತುದಿಯಲ್ಲಿ ಫೇಸ್ ನಿಂತಿರುತ್ತದೆ. ಕೆಲಸ ಕಲಿಯುತ್ತಿದ್ದ ಮೊದಲ ವರ್ಷ ನನಗೆ ಶಾಕ್ ಹೊಡೆದದ್ದು ಹೀಗೆಯೇ: ಸ್ಟೂಲಿನ ಮೇಲೆ ನಿಂತು, ಬಲಗೈಯನ್ನು ಇನ್ನೂ ಹಸಿ ಆರದ ಗೋಡೆಗೆ ಊರಿ, ಎಡಗೈಯಲ್ಲಿ ಹಿತ್ತಾಳೆಯ ಹೋಲ್ಡರನ್ನು ತಿರುಗಿಸುತ್ತಿದ್ದೆ. ಸ್ವಿಚ್ ಆಫ್ ಇತ್ತು, ಬಲ್ಬ್ ಆರಿದ್ದನ್ನು ಕಣ್ಣಾರೆ ನೋಡಿದ್ದೆ. ಹಿಡಿದ ಕೈ ಬಿಡಿಸಿಕೊಳ್ಳಲು ಬರಲಿಲ್ಲ. ಸ್ಟೂಲ್ ವಾಲಿ ನಾನು ಕೆಳಗೆ ಬಿದ್ದದ್ದರಿಂದಲೇ ಕೈ ಬಿಟ್ಟುಕೊಂಡಿತು. ಮೊಣಕೈಯ ಗಾಯದ ಗುರುತು ಈಗಲೂ ಇದೆ.

ಕೈ ಬಿಡಿಸಿಕೊಳ್ಳಲಾಗದೆ ಹೋಗಲು ದೊಡ್ಡ ಕರೆಂಟ್ ಬೇಕಿಲ್ಲ. ಸುಮಾರು 10 ಮಿಲಿ ಆಂಪಿಯರ್ ದಾಟಿದರೆ ಸ್ನಾಯುಗಳು ಬಿಗಿದುಕೊಂಡು, ಹಿಡಿದದ್ದನ್ನು ಬಿಡುವುದು ಕಷ್ಟವಾಗುತ್ತದೆ. 30 ಮಿಲಿ ಆಂಪಿಯರಿಗಿಂತ ಹೆಚ್ಚು ಕರೆಂಟ್ ಎದೆಯ ಮೂಲಕ ಕೆಲ ಸೆಕೆಂಡು ಹರಿದರೆ ಹೃದಯದ ಬಡಿತ ತಪ್ಪಿ ಪ್ರಾಣ ಹೋಗಬಹುದು. 230 ವೋಲ್ಟಿನಲ್ಲಿ ಉರಿಯುವ 9 ವ್ಯಾಟಿನ ಪುಟ್ಟ ಎಲ್‌ಇಡಿ ಬಲ್ಬ್ ಎಳೆಯುವ ಕರೆಂಟೇ 40 ಮಿಲಿ ಆಂಪಿಯರಿನ ಆಸುಪಾಸಿನದು. ‘ಬರೀ ಲೈಟಿನ ಲೈನು, ಏನಾಗುತ್ತದೆ’ ಎಂದು ಯಾರಾದರೂ ಹೇಳಿದರೆ ಈ ಲೆಕ್ಕವನ್ನು ನೆನಪಿಸಿಕೊಳ್ಳಿ.

ಆದ್ದರಿಂದ ವಿದ್ಯುತ್ತನ್ನು ಕಡಿಯಬೇಕಾದದ್ದು ಎಂಸಿಬಿಗಳೆಲ್ಲ ಇರುವ ಡಿಸ್ಟ್ರಿಬ್ಯೂಷನ್ ಬೋರ್ಡಿನಲ್ಲಿ, ಅದನ್ನೂ ಎರಡು ಹಂತಗಳಲ್ಲಿ ಮಾಡಿ. ಮೊದಲು ಆ ದೀಪದ ಸರ್ಕ್ಯೂಟಿನ ಎಂಸಿಬಿಯನ್ನು ಮಾತ್ರ ಆಫ್ ಮಾಡಿ, ಪ್ಲಗ್ ಪಾಯಿಂಟುಗಳ ಸರ್ಕ್ಯೂಟನ್ನು ಹಾಗೆಯೇ ಬಿಡಿ. ಈಗ ಮಲ್ಟಿಮೀಟರನ್ನು ಎಸಿ ವೋಲ್ಟೇಜಿನ ದೊಡ್ಡ ರೇಂಜಿಗೆ ಇಟ್ಟು, ಕರೆಂಟ್ ಇರುವ ಪ್ಲಗ್ ಪಾಯಿಂಟಿನಲ್ಲಿ ಅಳೆದು, ಅದು ಸರಿಯಾದ ವೋಲ್ಟೇಜ್ ತೋರಿಸುವುದನ್ನು ಕಾಣಿರಿ. ಬಳಿಕ ಸೀಲಿಂಗಿನಲ್ಲಿ ಪ್ರತಿ ವೈರಿನ ತುದಿಯನ್ನೂ ಉಳಿದ ಪ್ರತಿಯೊಂದರ ಜೊತೆ ಜೋಡಿ ಮಾಡಿ ಅಳೆಯಿರಿ. ಹಸಿರು ವೈರಿನ ಜೊತೆಗೂ ಅಳೆಯಿರಿ. ಮುಗಿದ ಕೂಡಲೇ ಮತ್ತೆ ಅದೇ ಪ್ಲಗ್ ಪಾಯಿಂಟಿಗೆ ಹೋಗಿ ಮೀಟರ್ ಇನ್ನೂ ಕೆಲಸ ಮಾಡುತ್ತಿದೆಯೇ ಎಂದು ನೋಡಿ. ಈ ಕೊನೆಯ ಹೆಜ್ಜೆಯನ್ನು ಬಹುಮಂದಿ ಬಿಟ್ಟುಬಿಡುತ್ತಾರೆ. ಮೀಟರಿನ ವೈರ್ ಒಳಗೇ ತುಂಡಾಗಿದ್ದರೂ ಅದು ಸೊನ್ನೆಯನ್ನೇ ತೋರಿಸುತ್ತದೆ, ಕರೆಂಟ್ ಇಲ್ಲದಿದ್ದರೂ ಸೊನ್ನೆಯನ್ನೇ ತೋರಿಸುತ್ತದೆ. ಎರಡನೆಯ ಹಂತದಲ್ಲಿ ಮೇನ್ ಸ್ವಿಚ್ಚನ್ನೂ ಆಫ್ ಮಾಡಿ ಸೀಲಿಂಗಿನಲ್ಲಿ ಇನ್ನೊಮ್ಮೆ ಅಳೆದು ನೋಡಿ.

ಎಂಸಿಬಿ ಆಫ್ ಮಾಡಿದ ಮೇಲೂ ಮೇನ್ ಸ್ವಿಚ್ ಏಕೆ ಎಂದು ನೀವು ಕೇಳಬಹುದು. ಒಂದು ಪೋಲಿನ ಎಂಸಿಬಿ ಕಡಿಯುವುದು ಒಂದೇ ವೈರನ್ನು. ಹಿಂದೆ ವೈರಿಂಗ್ ಮಾಡಿದವರು ಫೇಸ್ ಮತ್ತು ನ್ಯೂಟ್ರಲ್ಲನ್ನು ಅದಲುಬದಲು ಮಾಡಿದ್ದರೆ ಅದು ನ್ಯೂಟ್ರಲ್ಲನ್ನು ಕಡಿದು ಫೇಸನ್ನು ಹಾಗೆಯೇ ಬಿಟ್ಟಿರುತ್ತದೆ. ಎರಡು ಸರ್ಕ್ಯೂಟುಗಳಿಗೆ ಒಂದೇ ನ್ಯೂಟ್ರಲ್ ಎಳೆದಿರುವುದು ಇನ್ನೂ ಮೋಸದ ಸಂಗತಿ. ನಿಮ್ಮ ದೀಪದ ಎಂಸಿಬಿ ಆಫ್ ಇದೆ, ಪಕ್ಕದ ಕೋಣೆಯ ಫ್ಯಾನ್ ತಿರುಗುತ್ತಿದೆ, ಆ ಫ್ಯಾನಿನ ಕರೆಂಟ್ ಹಿಂತಿರುಗುವುದು ನಿಮ್ಮ ಕೈಯಲ್ಲಿರುವ ನ್ಯೂಟ್ರಲ್ ವೈರಿನ ಮೂಲಕ ಎಂದುಕೊಳ್ಳಿ. ಕೂಡಿರುವಾಗ ಅಳೆದರೆ ಮೀಟರ್ ಹೆಚ್ಚುಕಡಿಮೆ ಸೊನ್ನೆ ತೋರಿಸುತ್ತದೆ. ಆ ಜಾಯಿಂಟನ್ನು ಬಿಚ್ಚಿದ ಕ್ಷಣ, ಫ್ಯಾನಿನ ಕಡೆಯ ತುಂಡಿನಲ್ಲಿ ಪೂರ್ಣ ವೋಲ್ಟೇಜ್ ಕಾಣಿಸಿಕೊಳ್ಳುತ್ತದೆ. ಮೇನ್ ಸ್ವಿಚ್ ಆಫ್ ಇದ್ದರೆ ಈ ಅಪಾಯ ಇರುವುದಿಲ್ಲ.

ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಸ್ವಿಚ್ ಕೂಡ ಸಾಲದು. ಮೇನ್ ಆಫ್ ಆದದ್ದನ್ನು ಇನ್ವರ್ಟರ್ ‘ಕರೆಂಟ್ ಹೋಗಿದೆ’ ಎಂದೇ ಅರ್ಥಮಾಡಿಕೊಂಡು, ಕಣ್ಣು ಮಿಟುಕಿಸುವಷ್ಟರಲ್ಲಿ ದೀಪದ ಲೈನಿಗೆ ಬ್ಯಾಟರಿಯಿಂದ ವಿದ್ಯುತ್ ಕೊಡುತ್ತದೆ. ಅದು ಕೊಡುವ ವೋಲ್ಟೇಜೂ ಅಷ್ಟೇ ಮಾರಕ. ಬ್ಯಾಟರಿ ಸಹಿತ ಸೌರ ವ್ಯವಸ್ಥೆ ಇದ್ದರೂ ಇದೇ ಮಾತು. ಇನ್ವರ್ಟರಿನ ಮುಂಭಾಗದ ಸ್ವಿಚ್ಚನ್ನು ಆಫ್ ಮಾಡಿ, ಅದರ ಔಟ್‌ಪುಟ್ ಬರುವ ಪ್ರತ್ಯೇಕ ಎಂಸಿಬಿ ಇದ್ದರೆ ಅದನ್ನೂ ಇಳಿಸಿ, ಆಮೇಲೆ ಸೀಲಿಂಗಿನಲ್ಲಿ ಅಳೆಯಿರಿ. ಬೋರ್ಡಿಗೆ ‘ಸೀಲಿಂಗಿನಲ್ಲಿ ಕೆಲಸ ನಡೆದಿದೆ, ಆನ್ ಮಾಡಬೇಡಿ’ ಎಂಬ ಚೀಟಿ ಅಂಟಿಸಿ, ಮನೆಯವರಿಗೆ ಬಾಯಿಮಾತಿನಲ್ಲೂ ಹೇಳಿ.

ಸ್ಕ್ರೂಡ್ರೈವರಿನಂತಿರುವ ನಿಯಾನ್ ಟೆಸ್ಟರ್ ಒಂದನ್ನೇ ನಂಬಬೇಡಿ. ಅದು ಹೊತ್ತಿಕೊಳ್ಳುವುದು ನಿಮ್ಮ ದೇಹದ ಮೂಲಕ ಹರಿಯುವ ಅತ್ಯಲ್ಪ ಕರೆಂಟಿನಿಂದ. ಒಣ ಮರದ ಏಣಿಯ ಮೇಲೆ ರಬ್ಬರ್ ಚಪ್ಪಲಿ ಹಾಕಿ ನಿಂತಿದ್ದರೆ ಅದರ ಬೆಳಕು ಕಾಣದಷ್ಟು ಕ್ಷೀಣವಾಗಬಹುದು, ಹಗಲಿನಲ್ಲಂತೂ ಮೊದಲೇ ಕಷ್ಟ. ಮುಟ್ಟದೆಯೇ ಪತ್ತೆ ಹಚ್ಚುವ ಪೆನ್ನಿನಂಥ ಟೆಸ್ಟರ್ ಮೊದಲ ಎಚ್ಚರಿಕೆಗೆ ಒಳ್ಳೆಯದು, ಕೊನೆಯ ತೀರ್ಪಿಗೆ ಸಾಲದು. ಡಿಜಿಟಲ್ ಮೀಟರಿನಲ್ಲೂ ಒಂದು ಗೊಂದಲ ಎದುರಾಗಬಹುದು: ಎಲ್ಲಿಗೂ ಸೇರದ ವೈರೊಂದು ಕರೆಂಟ್ ಇರುವ ವೈರಿನ ಪಕ್ಕದಲ್ಲೇ ಒಂದೇ ಪೈಪಿನಲ್ಲಿ ಸಾಗಿದ್ದರೆ ಮೀಟರ್ 30, 50 ವೋಲ್ಟ್ ಎಂದು ತೋರಿಸಬಹುದು. ಅದು ಪಕ್ಕದ ವೈರಿನಿಂದ ಹುಟ್ಟಿದ ಹುಸಿ ವೋಲ್ಟೇಜ್ ಇರಬಹುದು. ಆದರೆ ಅದನ್ನು ‘ಹುಸಿಯೇ ಇರಬೇಕು’ ಎಂದು ತಳ್ಳಿಹಾಕುವ ಅಧಿಕಾರ ಏಣಿಯ ಮೇಲಿರುವವರಿಗೆ ಇಲ್ಲ. ಮೇನ್ ಆಫ್ ಮಾಡಿದ ಮೇಲೆ ಅದು ಸೊನ್ನೆಗೆ ಇಳಿಯಬೇಕು. ಇಳಿಯದಿದ್ದರೆ ಕೆಲಸ ನಿಲ್ಲಿಸಿ, ಎಲೆಕ್ಟ್ರಿಷಿಯನ್ನರನ್ನು ಕರೆಸಿ.

ಈಗ ನಿಮ್ಮ ನಾಲ್ಕು ವೈರ್‌ಗಳ ವಿಷಯಕ್ಕೆ ಬರೋಣ. ಎರಡು ಕೆಂಪು, ಎರಡು ಕಪ್ಪು ಎಂದರೆ ಸೀಲಿಂಗಿಗೆ ಎರಡು ಜೋಡಿಗಳು ಬಂದಿವೆ ಎಂದರ್ಥ. ಒಂದು ಜೋಡಿ ಬೋರ್ಡಿನಿಂದ ಬಂದದ್ದು: ಅದರ ಕೆಂಪು ಫೇಸ್, ಕಪ್ಪು ನ್ಯೂಟ್ರಲ್. ಇನ್ನೊಂದು ಜೋಡಿ ಸೀಲಿಂಗಿನಿಂದ ಗೋಡೆಯ ಸ್ವಿಚ್ಚಿಗೆ ಇಳಿದು ಮರಳಿ ಬಂದದ್ದು: ಅದರ ಕೆಂಪು ಫೇಸನ್ನು ಸ್ವಿಚ್ಚಿಗೆ ಒಯ್ಯುತ್ತದೆ, ಅದರ ಕಪ್ಪು ಸ್ವಿಚ್ ಆನ್ ಆದಾಗ ಫೇಸನ್ನು ದೀಪಕ್ಕೆ ಹಿಂದಕ್ಕೆ ತರುತ್ತದೆ. ಅಂದರೆ ಎರಡನೆಯ ಕಪ್ಪು ವೈರ್ ಬಣ್ಣದಲ್ಲಿ ಮಾತ್ರ ನ್ಯೂಟ್ರಲ್, ಕೆಲಸದಲ್ಲಿ ಫೇಸ್. ಹಳೆಯ ದೀಪದಲ್ಲಿ ಎರಡೂ ಕೆಂಪು ವೈರ್‌ಗಳು ಒಂದೇ ಕನೆಕ್ಟರಿನಲ್ಲಿ ಕೂಡಿಕೊಂಡು ದೀಪಕ್ಕೆ ಸಂಬಂಧವೇ ಇಲ್ಲದಂತೆ ಪಕ್ಕದಲ್ಲಿ ಕುಳಿತಿವೆಯೇ, ದೀಪದ ಎರಡು ತಂತಿಗಳು ಎರಡು ಕಪ್ಪು ವೈರ್‌ಗಳಿಗೆ ಸೇರಿವೆಯೇ ಎಂದು ನೋಡಿ. ಹಾಗಿದ್ದರೆ ನನ್ನ ಊಹೆ ಸರಿ, ಮತ್ತು ಆ ಕೆಂಪು ಜೋಡಣೆಯಲ್ಲಿ ಸ್ವಿಚ್ ಆಫ್ ಇದ್ದಾಗಲೂ ಫೇಸ್ ಇದ್ದೇ ಇರುತ್ತದೆ. ನೀವು ಮುಚ್ಚಳ ಸರಿಸಿದಾಗ ಬೆರಳ ಹತ್ತಿರ ಇದ್ದದ್ದು ಅದೇ. ಕೆಂಪನ್ನೆಲ್ಲ ಒಂದು ಕಡೆ, ಕಪ್ಪನ್ನೆಲ್ಲ ಒಂದು ಕಡೆ ಸೇರಿಸಿದರೆ ದೀಪಕ್ಕೆ ಸ್ವಿಚ್ಚಿನ ಹಂಗಿಲ್ಲದೆ ನೇರ ಫೇಸ್ ಸಿಗುತ್ತದೆ. ಸ್ವಿಚ್ ಮಾತ್ರ ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ ಸೇತುವೆಯಾಗಿ ಕುಳಿತು, ಆನ್ ಮಾಡಿದೊಡನೆ ಎರಡನ್ನೂ ಕೂಡಿಸಿಬಿಡುತ್ತದೆ.

ಹಳೆಯ ದೀಪವನ್ನು ಬಿಚ್ಚುವ ಮೊದಲು ಮೊಬೈಲಿನಲ್ಲಿ ಎರಡು ಮೂರು ಕೋನಗಳಿಂದ ಫೋಟೋ ತೆಗೆದಿಟ್ಟುಕೊಳ್ಳಿ, ಪ್ರತಿ ವೈರಿಗೂ ಕಾಗದದ ಟೇಪ್ ಸುತ್ತಿ ಅದು ಎಲ್ಲಿತ್ತೆಂದು ಬರೆಯಿರಿ. ಬಿಚ್ಚಿದ ಮೇಲೂ ಸಂಶಯ ಉಳಿದರೆ ಕರೆಂಟ್ ಇಲ್ಲದೆಯೇ ಗುರುತಿಸುವ ಉಪಾಯ ಒಂದಿದೆ. ಎಲ್ಲ ವಿದ್ಯುತ್ ಕಡಿದು, ಇಲ್ಲವೆಂದು ಅಳೆದು, ನಾಲ್ಕೂ ತುದಿಗಳನ್ನು ಒಂದಕ್ಕೊಂದು ತಾಗದಂತೆ ಬಿಡಿಸಿಡಿ. ಮೀಟರನ್ನು ‘ಬೀಪ್’ ಎನ್ನುವ ಕಂಟಿನ್ಯುಟಿ ಸ್ಥಾನಕ್ಕೆ ತಿರುಗಿಸಿ, ಒಂದು ಕೆಂಪು ಮತ್ತು ಅದೇ ಪೈಪಿನಿಂದ ಬಂದ ಕಪ್ಪಿಗೆ ತಾಗಿಸಿ, ಕೆಳಗಿರುವವರಿಗೆ ಸ್ವಿಚ್ ಆನ್ ಆಫ್ ಮಾಡಲು ಹೇಳಿ. ಯಾವ ಜೋಡಿಯಲ್ಲಿ ಸ್ವಿಚ್ ಆನ್ ಆದಾಗ ಬೀಪ್ ಬಂದು ಆಫ್ ಆದಾಗ ನಿಲ್ಲುತ್ತದೆಯೋ ಅದೇ ಸ್ವಿಚ್ಚಿನ ಜೋಡಿ. ಅದರ ಕಪ್ಪು ವೈರಿಗೆ ಆಗಲೇ ಕೆಂಪು ಟೇಪಿನ ಎರಡು ಸುತ್ತು ಹಾಕಿ. ಹತ್ತು ವರ್ಷದ ನಂತರ ಇದೇ ಮುಚ್ಚಳ ತೆಗೆಯುವವರಿಗೂ ಅದು ಉಪಕಾರ. ಹೊಸ ದೀಪದಲ್ಲಿ ಟೇಪ್ ಸುತ್ತಿದ ಈ ಕಪ್ಪು ‘ಎಲ್’ ಎಂದು ಬರೆದ ಜಾಗಕ್ಕೆ, ಇನ್ನೊಂದು ಕಪ್ಪು ‘ಎನ್’ ಎಂದು ಬರೆದ ಜಾಗಕ್ಕೆ ಹೋಗುತ್ತದೆ. ಎರಡು ಕೆಂಪು ವೈರ್‌ಗಳು ಮೊದಲಿನಂತೆಯೇ ತಮ್ಮದೇ ಕನೆಕ್ಟರಿನಲ್ಲಿ ಕೂಡಿ, ಮುಚ್ಚಿಕೊಂಡು ಕೂರಬೇಕು.

ಬಣ್ಣದ ಬಗ್ಗೆ ಇಷ್ಟು ಹೇಳಿದ ಮೇಲೆ ಇದನ್ನೂ ಸೇರಿಸಬೇಕು. ಕೆಂಪು ಫೇಸ್, ಕಪ್ಪು ನ್ಯೂಟ್ರಲ್ ಎಂಬುದು ಹಳೆಯ ಬ್ರಿಟಿಷ್ ಪದ್ಧತಿ. ಬ್ರಿಟನ್ನೇ 2004ರಿಂದ ಕಂದು ಮತ್ತು ನೀಲಿಗೆ ಬದಲಾಯಿಸಿಕೊಂಡಿತು. ಉತ್ತರ ಅಮೆರಿಕದಲ್ಲಿ ಕಪ್ಪು ಫೇಸ್, ಬಿಳಿ ನ್ಯೂಟ್ರಲ್. ಅದೇ ಕಪ್ಪು ಒಂದು ಕಡೆ ನ್ಯೂಟ್ರಲ್, ಇನ್ನೊಂದು ಕಡೆ ಫೇಸ್. ನೀವು ತಂದ ದೀಪದ ಒಳಗಿನ ತಂತಿಗಳ ಬಣ್ಣ ನಿಮ್ಮ ಮನೆಯ ಬಣ್ಣಗಳಿಗೆ ಹೊಂದಬೇಕೆಂದೇನೂ ಇಲ್ಲ, ಆದ್ದರಿಂದ ಬಣ್ಣ ನೋಡಿ ಸೇರಿಸದೆ, ಅಕ್ಷರದ ಗುರುತು ಮತ್ತು ಮೀಟರ್ ನೋಡಿ ಸೇರಿಸಿ.

ಹಸಿರು ವೈರನ್ನು ಬಿಡಬೇಡಿ. ಅದು ಅರ್ಥ್, ಅಂದರೆ ಸೋರಿದ ಕರೆಂಟಿಗೆ ನೆಲದ ಕಡೆ ದಾರಿ ಕೊಡುವ ವೈರ್. ಹಳೆಯ ಗಾಜಿನ ದೀಪದಲ್ಲಿ ಕೈಗೆ ತಾಗುವ ಲೋಹ ಇಲ್ಲದ್ದರಿಂದ ಅದು ಬಹುಶಃ ಮಡಚಿಕೊಂಡಿತ್ತು. ಹೊಸದರ ಚೌಕಟ್ಟು ಲೋಹದ್ದು. ಒಳಗಿನ ಫೇಸ್ ತಂತಿಯ ಹೊದಿಕೆ ಎಂದೋ ಸವೆದು ಚೌಕಟ್ಟಿಗೆ ತಾಗಿತೆಂದರೆ, ಅರ್ಥ್ ಇದ್ದಲ್ಲಿ ಕರೆಂಟ್ ಆ ದಾರಿಯಲ್ಲಿ ಹರಿದು ಎಂಸಿಬಿಯನ್ನೋ ಆರ್‌ಸಿಸಿಬಿಯನ್ನೋ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳಿಸುತ್ತದೆ. ಅರ್ಥ್ ಇಲ್ಲದಿದ್ದರೆ ಚೌಕಟ್ಟು ಸದ್ದಿಲ್ಲದೆ ಫೇಸ್ ಹೊತ್ತುಕೊಂಡು, ಧೂಳು ಒರೆಸಲು ಬರುವವರಿಗಾಗಿ ಕಾದು ಕೂರುತ್ತದೆ. ಅರ್ಥ್ ಸ್ಕ್ರೂವಿಗೆ ಮೊದಲು ಹಸಿರನ್ನು ಸೇರಿಸಿ, ಆಮೇಲೆ ಉಳಿದವನ್ನು ಸೇರಿಸಿ. ಮಡಚಿಟ್ಟ ಹಸಿರು ವೈರ್ ಇನ್ನೊಂದು ತುದಿಯಲ್ಲಿ ನಿಜವಾಗಿ ಅರ್ಥಿಂಗಿಗೆ ಸೇರಿದೆಯೇ ಎಂಬುದನ್ನೂ ಪರೀಕ್ಷಿಸಬೇಕು: ವಿದ್ಯುತ್ ಪೂರ್ತಿ ಕಡಿದಿರುವಾಗ ಅದಕ್ಕೂ, ಅರ್ಥಿಂಗ್ ಸರಿಯಿದೆಯೆಂದು ಗೊತ್ತಿರುವ ಪ್ಲಗ್ ಪಾಯಿಂಟಿನ ಅರ್ಥ್ ಪಿನ್ನಿಗೂ ನಡುವೆ ಉದ್ದನೆಯ ವೈರೊಂದನ್ನು ಹಿಡಿದು ಕಂಟಿನ್ಯುಟಿ ನೋಡಬಹುದು. ಅರ್ಥ್ ಇಲ್ಲವೆಂದಾದರೆ ಅದನ್ನು ನ್ಯೂಟ್ರಲ್ಲಿಗೆ ಸೇರಿಸುವ ಅಡ್ಡದಾರಿ ಹಿಡಿಯಲೇಬೇಡಿ. ನ್ಯೂಟ್ರಲ್ ಎಲ್ಲೋ ಸಡಿಲವಾದ ದಿನ ದೀಪದ ಇಡೀ ಮೈಗೆ ಫೇಸ್ ಬರುತ್ತದೆ. ಅಂಥ ಜಾಗಕ್ಕೆ ಒಂದರೊಳಗೊಂದು ಎರಡು ಚೌಕಗಳ ಗುರುತು ಇರುವ ದೀಪವನ್ನು ಆರಿಸಿ. ಅದು ಎರಡು ಪದರದ ಇನ್ಸುಲೇಷನ್ ಇರುವ, ಅರ್ಥ್ ಬೇಡದ ದೀಪ.

30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದ್ದರೆ ಒಳ್ಳೆಯದು. ಆದರೆ ಒಂದು ಕೈ ಫೇಸಿಗೂ ಇನ್ನೊಂದು ಕೈ ನ್ಯೂಟ್ರಲ್ಲಿಗೂ ತಾಗಿದರೆ ಅದಕ್ಕೆ ನೀವೂ ಒಂದು ಬಲ್ಬೂ ಒಂದೇ, ಅದು ಬೀಳುವುದಿಲ್ಲ.

ಜಾಯಿಂಟ್ ಮಾಡುವಾಗ ವೈರ್‌ಗಳನ್ನು ಹೊಸೆದು ಟೇಪ್ ಸುತ್ತಿ ಮುಗಿಸಬೇಡಿ. ಬಿಸಿಗೆ ಟೇಪಿನ ಅಂಟು ಸಡಿಲಗೊಂಡು ಕೆಲ ವರ್ಷಗಳಲ್ಲಿ ಬಿಚ್ಚಿಕೊಳ್ಳುತ್ತದೆ. ಸ್ಕ್ರೂ ಇರುವ ಕನೆಕ್ಟರ್ ಅಥವಾ ಅದುಮಿದರೆ ಹಿಡಿದುಕೊಳ್ಳುವ ಲಿವರ್ ಕನೆಕ್ಟರ್ ಬಳಸಿ. ಕನೆಕ್ಟರಿನ ಮೇಲೆ ಸೂಚಿಸಿರುವಷ್ಟೇ, ಸಾಮಾನ್ಯವಾಗಿ 10 ಮಿಲಿಮೀಟರಿನ ಆಸುಪಾಸು, ಹೊದಿಕೆ ಸುಲಿಯಿರಿ. ತಾಮ್ರ ಹೊರಗೆ ಇಣುಕಬಾರದು, ಹೊದಿಕೆ ಸ್ಕ್ರೂವಿನ ಅಡಿಗೆ ಹೋಗಬಾರದು. ಬಿಗಿದ ಮೇಲೆ ಪ್ರತಿಯೊಂದು ವೈರನ್ನೂ ಒಮ್ಮೆ ಎಳೆದು ನೋಡಿ. ಲೂಸ್ ಜಾಯಿಂಟ್ ಅಂದೇ ಕೈಕೊಡುವುದಿಲ್ಲ, ತಿಂಗಳುಗಟ್ಟಲೆ ಬಿಸಿಯಾಗುತ್ತಾ ಬಂದು, ಪ್ಲಾಸ್ಟಿಕ್ ಸುಟ್ಟ ವಾಸನೆಯಿಂದ ತನ್ನನ್ನು ತೋರಿಸಿಕೊಳ್ಳುತ್ತದೆ. ಸೀಲಿಂಗಿನ ವೈರನ್ನು ಬಾಗಿಸಿದಾಗ ಹೊದಿಕೆ ಒಣ ಎಲೆಯಂತೆ ಬಿರಿದು ಉದುರಿದರೆ, ವರ್ಷಗಳ ಕಾಲ ಬಲ್ಬಿನ ಶಾಖಕ್ಕೆ ಅದು ಬೆಂದಿದೆ ಎಂದು ತಿಳಿಯಿರಿ. ಒಳಗಿನ ತಂತಿ ಬೆಳ್ಳಗೆ ಅಲ್ಯೂಮಿನಿಯಮ್ಮಿನಂತೆ ಕಂಡರೆ ಅದನ್ನು ತಾಮ್ರಕ್ಕೆ ಸಾಮಾನ್ಯ ಕನೆಕ್ಟರಿನಲ್ಲಿ ಸೇರಿಸುವಂತಿಲ್ಲ. ಇವೆರಡರಲ್ಲಿ ಯಾವುದು ಕಂಡರೂ ಅಲ್ಲಿಗೆ ನಿಲ್ಲಿಸಿ ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರನ್ನು ಕರೆಸುವುದೇ ಸರಿ. ಆಸ್ಟ್ರೇಲಿಯಾದಂಥ ದೇಶಗಳಲ್ಲಿ ದೀಪ ಬದಲಿಸುವ ಈ ಕೆಲಸವನ್ನೇ ಪರವಾನಗಿ ಇಲ್ಲದವರು ಮಾಡುವುದು ಕಾನೂನಿಗೆ ವಿರುದ್ಧ, ನೀವಿರುವಲ್ಲಿನ ನಿಯಮವನ್ನು ಮೊದಲೇ ವಿಚಾರಿಸಿಕೊಳ್ಳಿ.

ತೂಕದ ವಿಷಯ ನೀವು ಕೇಳಲಿಲ್ಲ, ಆದರೆ ನನಗೆ ಕರೆಂಟಿನಷ್ಟೇ ಅದರ ಚಿಂತೆಯೂ ಇದೆ. ಹಳೆಯ ಹಗುರ ದೀಪವನ್ನು ಹಿಡಿದಿದ್ದ ಎರಡು ಸಣ್ಣ ಸ್ಕ್ರೂಗಳಿಗೆ 4 ಕಿಲೋ ಹೊರಿಸಬೇಡಿ. ಕಾಂಕ್ರೀಟ್ ಸೀಲಿಂಗಾದರೆ ಹೊಸ ರಂಧ್ರ ಕೊರೆದು ಒಳಗೆ ಅರಳಿ ಹಿಡಿಯುವ ಲೋಹದ ಆಂಕರ್ ಹಾಕಿ. ಕೊರೆಯುವ ಮುಂಚೆ ವೈರಿನ ಪೈಪ್ ಜಂಕ್ಷನ್ ಬಾಕ್ಸಿನ ಯಾವ ಬದಿಯಿಂದ ಒಳಬಂದಿದೆ ಎಂದು ಟಾರ್ಚ್ ಹಾಕಿ ನೋಡಿ, ಆ ದಿಕ್ಕಿನ ಸಾಲಿನಲ್ಲಿ ಕೊರೆಯಬೇಡಿ. ಜಿಪ್ಸಮ್ ಹಲಗೆಯ ಫಾಲ್ಸ್ ಸೀಲಿಂಗಾದರೆ ಭಾರವನ್ನು ಹಲಗೆಗೆ ಬಿಡದೆ ಮೇಲಿನ ಚಾವಣಿಯಿಂದಲೇ ಸರಳು ಅಥವಾ ಸರಪಳಿ ಇಳಿಸಿ ಹೊರಿಸಬೇಕು. ದೀಪಗಳ ಅಂತರರಾಷ್ಟ್ರೀಯ ಮಾನಕವಾದ ಐಇಸಿ 60598ರಲ್ಲಿ, ತೂಗುವ ದೀಪದ ಹಿಡಿಕೆಗೆ ಅದರ ತೂಕದ ನಾಲ್ಕು ಪಟ್ಟು ಭಾರವನ್ನು ಒಂದು ಗಂಟೆ ತೂಗಿಬಿಟ್ಟು ಪರೀಕ್ಷಿಸುವ ಕ್ರಮವಿದೆ. ಅದು ಕಾರ್ಖಾನೆಗೆ ಹೇಳಿದ ಪರೀಕ್ಷೆಯಾದರೂ ಅದರ ಲೆಕ್ಕವನ್ನು ನಾನು ಸೀಲಿಂಗಿಗೂ ಹಿಡಿಯುತ್ತೇನೆ. ನಿಮ್ಮ ದೀಪಕ್ಕೆ ಅದು 16 ಕಿಲೋ. ಬ್ರಾಕೆಟ್ ಕೂರಿಸಿದ ಮೇಲೆ, ವೈರ್ ಸೇರಿಸುವ ಮುಂಚೆ, ಗಟ್ಟಿ ಹಗ್ಗದಲ್ಲಿ ಮರಳಿನ ಚೀಲವೊಂದನ್ನು ಅಷ್ಟು ತೂಕಕ್ಕೆ ತುಂಬಿ ಅದಕ್ಕೆ ನೇತುಹಾಕಿ, ಕೆಳಗೆ ಯಾರೂ ಓಡಾಡದಂತೆ ನೋಡಿಕೊಂಡು ಒಂದು ಗಂಟೆ ಬಿಡಿ. ಆಂಕರಿನ ಸುತ್ತ ಪುಡಿ ಉದುರಿದರೂ, ಬ್ರಾಕೆಟ್ ಕೂದಲೆಳೆಯಷ್ಟು ಕೆಳಗಿಳಿದರೂ ಆ ಹಿಡಿತ ಸಾಲದು.

ಕೆಲಸವನ್ನು ಹಗಲಿನಲ್ಲಿ ಇಟ್ಟುಕೊಳ್ಳಿ. ಏಣಿ ಮರದ್ದು ಅಥವಾ ಫೈಬರ್ ಗ್ಲಾಸಿನದು ಇರಲಿ, ಅಲ್ಯೂಮಿನಿಯಮ್ ಏಣಿ ಬೇಡ. ಟೇಬಲ್ಲಿನ ಮೇಲೆ ಸ್ಟೂಲ್ ಇಡುವ ಸಾಹಸ ಖಂಡಿತ ಬೇಡ. ವೈರ್ ಸೇರಿಸುವಷ್ಟು ಹೊತ್ತು ದೀಪವನ್ನು ಒಬ್ಬರು ಹಿಡಿದಿರಲಿ, ಅಥವಾ ಬ್ರಾಕೆಟ್ಟಿಗೆ ಗಟ್ಟಿ ದಾರದಿಂದ ತೂಗುಹಾಕಿ. ದೀಪದ ಭಾರ ಒಂದು ಕ್ಷಣವೂ ವೈರಿನ ಮೇಲೆ ಬೀಳಬಾರದು. ಕೊನೆಗೆ ಬುಡದ ತಟ್ಟೆಯನ್ನು ಸೀಲಿಂಗಿಗೆ ಒತ್ತಿ ಬಿಗಿಯುವಾಗ ಯಾವ ವೈರೂ ಅದರ ಅಂಚಿಗೆ ಸಿಕ್ಕಿಕೊಂಡಿಲ್ಲ ಎಂಬುದನ್ನು ಸುತ್ತಲೂ ನೋಡಿ.

ವಿದ್ಯುತ್ ಮರಳಿ ಕೊಡುವಾಗ ಗೋಡೆಯ ಸ್ವಿಚ್ ಆಫ್ ಇರಲಿ, ಏಣಿಯ ಮೇಲೆ ಯಾರೂ ಇರದಿರಲಿ. ಮೇನ್ ಕೊಟ್ಟು, ಎಂಸಿಬಿ ಏರಿಸಿ, ಆಮೇಲೆ ಸ್ವಿಚ್ ಒತ್ತಿ. ಒತ್ತಿದೊಡನೆ ಎಂಸಿಬಿ ಬಿದ್ದರೆ ಆ ಎರಡು ಕಪ್ಪು ವೈರ್‌ಗಳು ಎಲ್ಲೋ ಕೂಡಿವೆ; ಎಂಸಿಬಿ ನಿಂತು ಆರ್‌ಸಿಸಿಬಿ ಮಾತ್ರ ಬಿದ್ದರೆ ತಟ್ಟೆಯ ಅಡಿಯಲ್ಲಿ ಯಾವುದೋ ವೈರ್ ಸಿಕ್ಕಿ ಲೋಹಕ್ಕೆ ತಾಗಿದೆ, ಹೆಚ್ಚಾಗಿ ನ್ಯೂಟ್ರಲ್. ಮತ್ತೆ ಮತ್ತೆ ಏರಿಸಿ ನೋಡದೆ, ಎಲ್ಲವನ್ನೂ ಆಫ್ ಮಾಡಿ, ಮೊದಲಿನಿಂದ ಅಳೆದು ಬಿಚ್ಚಿ ನೋಡಿ. ದೀಪ ಸರಿಯಾಗಿ ಉರಿದರೆ ಅರ್ಧ ಗಂಟೆಯ ನಂತರ ಅದರ ಕೆಳಗೆ ನಿಂತು ವಾಸನೆಯನ್ನು ಗಮನಿಸಿ.

ಉಳಿದದ್ದು ಆಫ್ ಆದ ಮೇಲೂ ಬೆಳಗುವ ಬಲ್ಬಿನ ಪ್ರಶ್ನೆ. ಎಲ್‌ಇಡಿಗೆ ಮಸುಕಾಗಿ ಬೆಳಗಲು ಬೇಕಾದ ಕರೆಂಟ್ ತೀರಾ ಅಲ್ಪ, ಹಳೆಯ ತಂತಿ ಬಲ್ಬಾಗಿದ್ದರೆ ನಿಮಗೆ ಇದು ಗೊತ್ತೇ ಆಗುತ್ತಿರಲಿಲ್ಲ. ಕತ್ತಲಲ್ಲಿ ಸ್ವಿಚ್ಚನ್ನು ತೋರಿಸುವ ಪುಟ್ಟ ದೀಪ ಅದರೊಳಗೆ ಇದ್ದರೆ, ಆ ದೀಪದ ಕರೆಂಟ್ ಹಾದುಹೋಗುವುದು ನಿಮ್ಮ ಬಲ್ಬಿನ ಮೂಲಕವೇ. ಅದಿಲ್ಲದಿದ್ದರೆ, ಸ್ವಿಚ್ಚಿಗೆ ಇಳಿದ ಕೆಂಪು ಮತ್ತು ಕಪ್ಪು ಒಂದೇ ಪೈಪಿನಲ್ಲಿ ಮೀಟರುಗಟ್ಟಲೆ ಒತ್ತಾಗಿ ಸಾಗುವುದರಿಂದಲೂ ಅಷ್ಟು ಕರೆಂಟ್ ದಾಟಬಹುದು. ಇವೆರಡೂ ನಿರುಪದ್ರವಿ. ಮೂರನೆಯ ಕಾರಣ ಮಾತ್ರ ಹಾಗಲ್ಲ: ಸ್ವಿಚ್ ನ್ಯೂಟ್ರಲ್ಲಿನಲ್ಲಿ ಇರುವುದು. ಬೆಳಕು ನೋಡಿ ಈ ಮೂರರಲ್ಲಿ ಯಾವುದೆಂದು ಹೇಳಲಾಗದು. ಬೋರ್ಡಿನಿಂದ ಬಂದ ಜೋಡಿಯಲ್ಲಿ ಕೆಂಪಿಗೂ ಅರ್ಥಿಗೂ ನಡುವೆ ಪೂರ್ಣ ವೋಲ್ಟೇಜ್, ಕಪ್ಪಿಗೂ ಅರ್ಥಿಗೂ ನಡುವೆ ಸೊನ್ನೆಯ ಹತ್ತಿರ ಇದ್ದರೆ ಸ್ವಿಚ್ ಸರಿಯಾದ ವೈರಿನಲ್ಲಿದೆ. ಇದು ತಿರುಗುಮುರುಗಾಗಿದ್ದರೆ ಸ್ವಿಚ್ ಕಡಿಯುತ್ತಿರುವುದು ನ್ಯೂಟ್ರಲ್ಲನ್ನು. ಇದು ಕರೆಂಟ್ ಇರುವಾಗ ಮಾಡುವ ಅಳತೆ, ಆದ್ದರಿಂದ ಇದೊಂದನ್ನು ಎಲೆಕ್ಟ್ರಿಷಿಯನ್ನರ ಕೈಯಲ್ಲೇ ಮಾಡಿಸಿ, ಹೊಸ ದೀಪ ಕೂರಿಸುವ ಮುಂಚೆಯೇ ಮಾಡಿಸಿ. ತಿರುಗುಮುರುಗಾಗಿದ್ದರೆ ಅವರು ಅದನ್ನು ಮೂಲದಲ್ಲೇ ಸರಿಪಡಿಸಲಿ. ಏಕೆಂದರೆ ತಪ್ಪು ಬೋರ್ಡಿನ ಹತ್ತಿರ ಆಗಿದ್ದರೆ ಅದೇ ಸರ್ಕ್ಯೂಟಿನ ಉಳಿದ ದೀಪಗಳಲ್ಲೂ ಅದು ಹಾಗೆಯೇ ಇರುತ್ತದೆ.